ಪದಚರ್ಚೆ: ‘ಸುಳ್ಳು ದಸ್ತಾವೇಜು’ ಯಾವುದು, ‘ಒಳಸಂಚು’ ಎಲ್ಲಿಂದ ಶುರು?

ಬಲ್ಲವರಿಗೆ ನಮಸ್ಕಾರ.

ಜಮೀನು ಮಾರಾಟದ ಕ್ರಿಮಿನಲ್ ಕೇಸೊಂದರ ಇಂಗ್ಲಿಷ್ ತೀರ್ಪನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂವತ್ತೆಂಟು ಪುಟ. ಮೂವತ್ತು ಪುಟ ಸರಾಗವಾಗಿ ಸಾಗಿತು. ಉಳಿದ ಎಂಟರಲ್ಲಿ ನಾಲ್ಕೇ ನಾಲ್ಕು ಪದ ದಾರಿಗಡ್ಡ ಮಲಗಿವೆ: ಚೀಟಿಂಗ್, ಫ್ರಾಡ್, ಫೋರ್ಜರಿ, ಕಾನ್‌ಸ್ಪಿರಸಿ. ಇವಕ್ಕೆ ಕನ್ನಡ ಇಲ್ಲವೆಂದಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಮೋಸ, ವಂಚನೆ, ಕಪಟ, ದಗಾ, ಪಂಗನಾಮ, ಖೋಟಾ, ನಕಲಿ, ಸೃಷ್ಟನೆ, ಒಳಸಂಚು, ಪಿತೂರಿ, ಶಾಮೀಲು. ಆಡುವಾಗ ಇವನ್ನೆಲ್ಲ ಒಂದೇ ಗಂಟು ಕಟ್ಟುತ್ತೇವೆ. ಕೋರ್ಟು ಗಂಟು ಬಿಚ್ಚಿ ಒಂದೊಂದಕ್ಕೂ ಬೇರೆ ರುಜುವಾತು ಕೇಳುತ್ತದೆ.

ಗಂಟು ಹೇಗಿರುತ್ತದೆ ನೋಡಿ. ಇಂಥ ಕೇಸುಗಳ ದೂರಿನಲ್ಲಿ ಹೆಚ್ಚುಕಡಿಮೆ ಹೀಗೊಂದು ವಾಕ್ಯ ಇದ್ದೇ ಇರುತ್ತದೆ: “ಆರೋಪಿಗಳೆಲ್ಲರೂ ಶಾಮೀಲಾಗಿ, ಒಳಸಂಚು ರೂಪಿಸಿ, ಮೋಸ ಮಾಡುವ ಉದ್ದೇಶದಿಂದ ನಕಲಿ ದಾಖಲೆ ಸೃಷ್ಟಿಸಿ, ಅವೇ ಅಸಲೆಂದು ನಂಬಿಸಿ, ಸದರಿ ಜಮೀನನ್ನು ಮಾರಾಟ ಮಾಡಿ ವಂಚಿಸಿರುತ್ತಾರೆ.” ಓದಲು ಒಂದೇ ಉಸಿರು. ಹಳೆಯ ದಂಡ ಸಂಹಿತೆಯ (ಐಪಿಸಿ) ಲೆಕ್ಕದಲ್ಲಿ ಒಳಸಂಚಿಗೆ ಕಲಮು 120-ಬಿ, ಸೃಷ್ಟಿಸಿದ್ದಕ್ಕೆ 465, 467, 468, ಅಸಲೆಂದು ಬಳಸಿದ್ದಕ್ಕೆ 471, ವಂಚಿಸಿದ್ದಕ್ಕೆ 420. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಳಸಂಚು 61ಕ್ಕೂ ವಂಚನೆ 318ಕ್ಕೂ ಹೋಗಿವೆ, ಫೋರ್ಜರಿಯ ಸಂಸಾರ 335ರಿಂದ ಮುಂದಕ್ಕಿದೆ. ಅಂಕಿ ಬದಲಾದರೂ ಪದಗಳ ತಕರಾರು ಹಾಗೇ ಇದೆ. ‘ನಾಲ್ಕುನೂರಾ ಇಪ್ಪತ್ತು’ ಎಂಬ ಬೈಗುಳವೂ ಅಷ್ಟು ಬೇಗ ಸಾಯಲಿಕ್ಕಿಲ್ಲ.

ಮೊದಲು ‘ಮೋಸ’. ಕನ್ನಡದಲ್ಲಿ ‘ಮೋಸ ಮಾಡು’ ಇರುವಂತೆ ‘ಮೋಸಹೋಗು’ ಕೂಡ ಇದೆ. ಎರಡನೆಯದಕ್ಕೆ ಮೋಸ ಮಾಡಿದವನೊಬ್ಬ ಇರಲೇಬೇಕೆಂದಿಲ್ಲ. ದೂರದಿಂದ ಹಗ್ಗ ನೋಡಿ ಹಾವೆಂದು ಹೆದರಿದವನೂ ಮೋಸಹೋದವನೇ. ಸಾಕ್ಷಿ ಕಟಕಟೆಯಲ್ಲಿ ನಿಂತು “ದುಡ್ಡು ಕೊಟ್ಟು ಮೋಸಹೋದೆ ಸ್ವಾಮಿ” ಎಂದರೆ, ಆ ಮಾತಿನಲ್ಲಿ ಆರೋಪಿ ಇನ್ನೂ ಕಾಲಿಟ್ಟಿಲ್ಲ. ಇಂಗ್ಲಿಷಿಗೆ ಹೋಗುವಷ್ಟರಲ್ಲಿ ‘ಐ ವಾಸ್ ಚೀಟೆಡ್’ ಆಗುತ್ತದೆ, ಅಲ್ಲಿ ಆರೋಪಿ ಬಂದು ನಿಂತಾಯಿತು. ಮತ್ತೆ ಕನ್ನಡಕ್ಕೆ ತರುವಾಗ ನಾನು ‘ನನ್ನನ್ನು ವಂಚಿಸಲಾಯಿತು’ ಎಂದು ಬರೆದರೆ ಸಾಕ್ಷಿ ಆಡದ ಮಾತನ್ನು ಅವನ ಬಾಯಿಗೆ ತುರುಕಿದಂತೆ.

ಇದು ಬರೀ ವ್ಯಾಕರಣದ ತಗಾದೆಯಲ್ಲ. ವಂಚನೆ ಸಾಬೀತಾಗಬೇಕಾದರೆ ಮಾತು ಕೊಟ್ಟ ಗಳಿಗೆಯಲ್ಲೇ ಕೊಟ್ಟವನ ಮನಸ್ಸು ಕೆಟ್ಟಿತ್ತೆಂದು ತೋರಿಸಬೇಕು. 2000ರಲ್ಲಿ ಸುಪ್ರೀಂ ಕೋರ್ಟ್ ಜಮೀನು ಮಾರಾಟದ್ದೇ ಒಂದು ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು: ಆಮೇಲೆ ಮಾತಿಗೆ ತಪ್ಪಿದರೆ ಅದು ಕರಾರು ಮುರಿದದ್ದು, ಸಿವಿಲ್ ದಾವೆಯ ದಾರಿ, ಶುರುವಿನಲ್ಲೇ ದುರುದ್ದೇಶವಿದ್ದರೆ ಮಾತ್ರ ವಂಚನೆ. ಮುಂಗಡ ಪಡೆದು, ಬೆಲೆ ಏರಿತೆಂದು ಮನಸ್ಸು ಬದಲಿಸಿ ಬೇರೆಯವರಿಗೆ ಕ್ರಯ ಮಾಡಿದವನನ್ನು ಜನ ‘ಮೋಸಗಾರ’ ಎಂದೇ ಕರೆಯುತ್ತಾರೆ. ಕೋರ್ಟಿನ ಅರ್ಥದಲ್ಲಿ ಅವನು ವಂಚಕನಾಗದೆಯೂ ಇರಬಹುದು. ಹಾಗಾಗಿ ಅನುವಾದದಲ್ಲಿ ‘ಮೋಸ’ವನ್ನು ಸಾಕ್ಷಿಗಳ ಮಾತಿಗೆ ಬಿಟ್ಟು, ಅಪರಾಧಕ್ಕೆ ‘ವಂಚನೆ’ಯನ್ನೇ ಮೀಸಲಿಟ್ಟಿದ್ದೇನೆ.

ಮುಂಗಡ ಎಂದೆನಲ್ಲ, ಅದಕ್ಕೆ ‘ಸಂಚಕಾರ’ ಎಂಬ ಹಳೆಯ ಪದವಿದೆ. ಸಂಸ್ಕೃತದ ‘ಸತ್ಯಂಕಾರ’ದ ತದ್ಭವ. ಮಾತನ್ನು ಸತ್ಯ ಮಾಡುವ ಹಣ. ಅದೇ ಪದ ಇವತ್ತು ‘ಪ್ರಾಣಕ್ಕೆ ಸಂಚಕಾರ’ ಎಂಬಲ್ಲಿ ಕೇಡಿನ ಹೆಸರಾಗಿ ಉಳಿದಿದೆ. ಸಂಚಿಗೂ ಇದಕ್ಕೂ ನಂಟಿಲ್ಲ. ಈ ತೀರ್ಪು ಓದುವಾಗ ಮಾತ್ರ ನಂಟಿದೆಯೇನೋ ಅನ್ನಿಸುತ್ತದೆ.

‘ಫ್ರಾಡ್’ ಇನ್ನೂ ಜಾರುವ ಪದ. ದಂಡ ಸಂಹಿತೆಯ 24ನೇ ಕಲಮು ‘ಅಪ್ರಾಮಾಣಿಕವಾಗಿ’ ಎಂಬುದನ್ನು ವಿವರಿಸಿ ಹೇಳುತ್ತದೆ: ಒಬ್ಬನಿಗೆ ಅನ್ಯಾಯದ ಲಾಭ, ಇಲ್ಲವೇ ಒಬ್ಬನಿಗೆ ಅನ್ಯಾಯದ ನಷ್ಟ ಮಾಡುವ ಉದ್ದೇಶ. 25ನೆಯದು ಮಾತ್ರ ಕಪಟದ ಉದ್ದೇಶದಿಂದ ಮಾಡಿದ್ದೇ ಕಪಟ, ಬೇರೆಯಲ್ಲ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಇದರ ಹೊಟ್ಟೆ ಬಗೆದದ್ದು ಸುಪ್ರೀಂ ಕೋರ್ಟಿನ ಹಳೆಯದೊಂದು ತೀರ್ಪು. ವೈದ್ಯೆಯೊಬ್ಬರು ಹಾಲುಗೂಸಾದ ಮಗಳ ಹೆಸರಿನಲ್ಲಿ ಕಾರು ಕೊಂಡು, ವಿಮೆಯ ಕಾಗದಗಳಿಗೆ ಮಗಳ ಹೆಸರಿನಲ್ಲೇ ರುಜು ಹಾಕಿದ್ದರು. ನಂಬಿಸಿದ್ದು ನಿಜ. ಆದರೆ ಅದರಿಂದ ಅವರಿಗೆ ಲಾಭವೂ ಇಲ್ಲ, ವಿಮೆಯವರಿಗೆ ಕೇಡೂ ಇಲ್ಲ. ಬರೀ ನಂಬಿಸಿದರೆ ಸಾಲದು, ಕೇಡಿನ ಎಳೆಯೂ ಸೇರಬೇಕು ಎಂದು ಕೋರ್ಟು ಅವರನ್ನು ಬಿಟ್ಟಿತು. ನಮ್ಮಲ್ಲಿ ‘ಕಪಟ’ ಎಂದರೆ ಒಳಗೊಂದು ಹೊರಗೊಂದು ಇರುವುದಷ್ಟೇ. ಕೇಡು ಆ ಪದದೊಳಗೆ ಕೂತಿಲ್ಲ. ಆದರೂ ಇದಕ್ಕಿಂತ ಹತ್ತಿರದ್ದು ಸಿಗದೆ ‘ಕಪಟ’ವನ್ನೇ ಇಟ್ಟುಕೊಂಡಿದ್ದೇನೆ. ‘ದಗಾ’ದಲ್ಲಿ ಕೇಡಿದೆ, ಆದರೆ ತೀರ್ಪಿನ ಬಾಯಲ್ಲಿ ಅದು ಬೈಗುಳದಂತೆ ಕೇಳುತ್ತದೆ.

ನಾನು ನಿಜಕ್ಕೂ ಸಿಕ್ಕಿಬಿದ್ದಿರುವುದು ಫೋರ್ಜರಿಯಲ್ಲಿ. 463 ಹೇಳುವ ಫೋರ್ಜರಿಗೆ ಮೂಲ, 464 ಹೇಳುವ ‘ಸುಳ್ಳು ದಸ್ತಾವೇಜು ಮಾಡುವುದು’. ಕನ್ನಡದಲ್ಲಿ ‘ಸುಳ್ಳು ದಸ್ತಾವೇಜು’ ಎಂದರೆ ಯಾರಾದರೂ ಏನು ತಿಳಿದುಕೊಳ್ಳುತ್ತಾರೆ? ಸುಳ್ಳು ಬರೆದಿರುವ ದಸ್ತಾವೇಜು ಎಂದು. ಕಾನೂನಿನ ಅರ್ಥ ಅದಲ್ಲ. ಬಿಹಾರದಿಂದ ಬಂದ ಪ್ರಕರಣವೊಂದರಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದನ್ನು ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಒಬ್ಬಾತ ತನ್ನದಲ್ಲದ ಜಮೀನನ್ನು ತನ್ನದೆಂದು ಕ್ರಯಪತ್ರ ಮಾಡಿಕೊಟ್ಟ ಎಂಬುದು ದೂರು. ಮಾರಿದವನು, ಕೊಂಡವನು, ಸಾಕ್ಷಿ, ಪತ್ರಬರಹಗಾರ, ಕೊನೆಗೆ ಸ್ಟ್ಯಾಂಪು ಮಾರಿದವನ ಮೇಲೂ ಕೇಸು. ಕೋರ್ಟು ಹೇಳಿದ್ದು ಇಷ್ಟು: ತಾನೇ ತಾನಾಗಿ ಸಹಿ ಹಾಕಿ ‘ಈ ಜಮೀನು ನನ್ನದು’ ಎಂದು ಬರೆದುಕೊಟ್ಟರೆ ಆ ಪತ್ರ ಸುಳ್ಳು ಹೇಳುತ್ತಿರಬಹುದು, ಆದರೆ 464ರ ಅರ್ಥದಲ್ಲಿ ಸುಳ್ಳು ದಸ್ತಾವೇಜಲ್ಲ. ತಾನು ಇನ್ನೊಬ್ಬನೆಂದು, ಅಥವಾ ಇನ್ನೊಬ್ಬ ತನಗೆ ಅಧಿಕಾರ ಕೊಟ್ಟಿದ್ದಾನೆಂದು ನಟಿಸಿ ಬರೆದುಕೊಟ್ಟರೆ ಆಗ ಸುಳ್ಳು ದಸ್ತಾವೇಜು. ಮೊದಲನೆಯದರಲ್ಲಿ ಕೊಂಡವನು ಬೇಕಾದರೆ ವಂಚನೆಯ ದೂರು ಕೊಡಬಹುದು. ಜಮೀನಿನ ನಿಜವಾದ ಒಡೆಯನಿಗೆ ಯಾರೂ ಏನನ್ನೂ ನಂಬಿಸಿಲ್ಲವಾದ್ದರಿಂದ ಆತ ವಂಚಿತನಲ್ಲ.

ಈ ವಾಕ್ಯವನ್ನು ಕನ್ನಡದಲ್ಲಿ ಬರೆದು ಮನೆಯಲ್ಲಿ ಓದಿ ತೋರಿಸಿದೆ. “ಜಮೀನು ಕಳಕೊಂಡವನು ವಂಚಿತನಲ್ಲವಂತೆ, ಇದೆಂಥ ಕನ್ನಡ?” ಎಂಬ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ‘ವಂಚಿತ’ ಪದಕ್ಕೆ ನಮ್ಮಲ್ಲಿ ‘ಕಳೆದುಕೊಂಡವನು’ ಎಂಬರ್ಥ ಬಲವಾಗಿ ಅಂಟಿಕೊಂಡಿದೆ: ಅವಕಾಶವಂಚಿತ, ಸೌಲಭ್ಯವಂಚಿತ. ಕೊನೆಗೆ ‘ವಂಚನೆಗೆ ಒಳಗಾದವನಲ್ಲ’ ಎಂದು ತಿದ್ದಿದೆ. ಸಮಾಧಾನವಿಲ್ಲ.

ಇಲ್ಲಿ ನಮ್ಮ ಪತ್ರಗಳ ಭಾಷೆಯೇ ಒಂದು ಕೈ ಆಸರೆ ಕೊಡುತ್ತದೆ. ಹಳೆಯ ಕ್ರಯಪತ್ರಗಳು “ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ” ಎಂದು ಶುರುವಾಗುತ್ತವೆ. ‘ಬರೆದುಕೊಟ್ಟವರು’ ಎಂದರೆ ಪೆನ್ನು ಹಿಡಿದವರಲ್ಲ, ಮಾರಿದವರು. ‘ಬರೆಸಿಕೊಂಡವರು’ ಕೊಂಡವರು. ಪೆನ್ನು ಹಿಡಿದವನ ಹೆಸರು ಕೆಳಗೆ ‘ಬಿಕ್ಕಲಂ’ ಎಂಬಲ್ಲಿ ಬರುತ್ತದೆ. ‘ಕಲಂ’, ಅಂದರೆ ಲೇಖನಿ, ಅದರೊಳಗೇ ಇದೆ. ದಸ್ತಾವೇಜನ್ನು ‘ಮಾಡಿದವನು’ ಯಾರು ಎಂದು ಕಾನೂನು ತಲೆ ಕೆರೆದುಕೊಳ್ಳುವುದಕ್ಕೆ ಎಷ್ಟೋ ಮೊದಲೇ ನಮ್ಮ ಪತ್ರಬರಹಗಾರರು ಈ ಮೂವರನ್ನು ಮೂರು ಹೆಸರಿನಲ್ಲಿ ಬೇರೆ ಮಾಡಿ ಇಟ್ಟಿದ್ದರು. 2018ರಲ್ಲಿ ಸುಪ್ರೀಂ ಕೋರ್ಟ್, ಬೇರೆಯವರ ವೇಷ ಹಾಕಿ ಪಡೆದ ಮುಖ್ತ್ಯಾರುನಾಮೆಯ (ಪವರ್ ಆಫ್ ಅಟಾರ್ನಿ) ಪ್ರಕರಣವೊಂದರಲ್ಲಿ, ದಸ್ತಾವೇಜು ಮಾಡಿದವನನ್ನು ಬಿಟ್ಟು ಬೇರೆಯವನ ಮೇಲೆ ಫೋರ್ಜರಿ ಹೊರಿಸಲಾಗದು ಎಂದಿತು. ‘ಮೇಕರ್’ ಎಂಬುದಕ್ಕೆ ನಾನು ‘ತಯಾರಕ’ ಎಂದು ಬರೆದಿದ್ದೆ, ಕಾರ್ಖಾನೆಯ ವಾಸನೆ ಹೊಡೆಯಿತು. ಈಗ ‘ಬರೆದುಕೊಟ್ಟವನು’ ಎಂದು ಮಾಡಿದ್ದೇನೆ. 464ರ ಮೂರನೇ ಕವಲಿಗೂ ನಮ್ಮಲ್ಲಿ ಹೇಳಿಮಾಡಿಸಿದ ಕ್ರಿಯಾಪದವಿದೆ: ಪತ್ರದಲ್ಲೇನಿದೆಯೆಂದು ತಿಳಿಯದವನಿಂದ, ಕುಡಿಸಿಯೋ ಏಮಾರಿಸಿಯೋ, ‘ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು’. ಈ ‘ಇಸಿಕೊಳ್ಳು’ ಪ್ರತ್ಯಯಕ್ಕೆ ಇಂಗ್ಲಿಷ್ ಅರ್ಧ ಸಾಲು ಖರ್ಚು ಮಾಡುತ್ತದೆ.

ಹಾಗಾದರೆ ‘ಸುಳ್ಳು ದಸ್ತಾವೇಜು’ ಬಿಟ್ಟು ಏನೆನ್ನಬೇಕು? ‘ನಕಲಿ’ ಬೇಡ ಎನ್ನುವವನು ನಾನು. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಬರುವ ‘ದೃಢೀಕೃತ ನಕಲು’ ಪೂರ್ತಿ ಅಸಲಿ ಸಂಗತಿ. ಆ ಉಕಾರ ಇಕಾರವಾದರೆ ಜೈಲು. ತೀರ್ಪಿನ ಒಂದೇ ಪುಟದಲ್ಲಿ “ನಕಲಿ ಪತ್ರದ ನಕಲು” ಎಂದು ಬರೆಯಬೇಕಾಗಿ ಬಂತು, ಬೆರಳಚ್ಚು ಮಾಡಿದವರು ಎರಡನ್ನೂ ‘ನಕಲಿ’ ಮಾಡಿ ಕೈಗಿಟ್ಟರು.

ನನ್ನ ಒಲವು ‘ಕೂಟ’ದ ಕಡೆಗಿದೆ. ಧರ್ಮಶಾಸ್ತ್ರಗಳಲ್ಲಿ ಸುಳ್ಳುಸಾಕ್ಷಿಗೆ ‘ಕೂಟಸಾಕ್ಷಿ’ ಎನ್ನುತ್ತಾರೆ. ನಮ್ಮ ಶಾಸನತಜ್ಞರು ಇಂದಿಗೂ ಖೋಟಾ ತಾಮ್ರಪಟಕ್ಕೆ ‘ಕೂಟಶಾಸನ’ ಎನ್ನುತ್ತಾರೆ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಶಾಸನತಜ್ಞ ಫ್ಲೀಟ್ ಕೂಟವೆಂದು ತಳ್ಳಿಹಾಕಿ, ಇನ್ನೊಬ್ಬ ಶಾಸನತಜ್ಞ ರೈಸ್ ಜೊತೆ ವರ್ಷಗಟ್ಟಲೆ ಜಗಳವಾಡಿದ್ದು ಗೊತ್ತೇ ಇದೆ. ಆ ಜಗಳವೂ ಒಂದರ್ಥದಲ್ಲಿ ಭೂಮಿ ಕೇಸೇ: ದಾನ ಕೊಟ್ಟೆನೆಂದು ಹೇಳುವ ರಾಜ, ಅವನ ಕಾಲಕ್ಕೆ ಹೊಂದದ ಲಿಪಿ, ತಾಳೆಯಾಗದ ತಿಥಿ. ಈಗ ಸ್ಟ್ಯಾಂಪು ಕಾಗದ ಕೊಟ್ಟ ತಾರೀಖಿಗಿಂತ ಹಿಂದಿನ ತಾರೀಖು ಪತ್ರದಲ್ಲಿದೆಯೇ ಎಂದು ತನಿಖಾಧಿಕಾರಿ ನೋಡುತ್ತಾರಲ್ಲ, ಅದೇ ಕೆಲಸ. ಮುಖ್ಯವಾದದ್ದೆಂದರೆ, ಶಾಸನವೊಂದು ಕೂಟವೆನ್ನಿಸಿಕೊಳ್ಳುವುದು ಅದರಲ್ಲಿ ಸುಳ್ಳಿದೆಯೆಂದಲ್ಲ. ರಾಜರನ್ನು ಹೊಗಳುವ ನಿಜವಾದ ಪ್ರಶಸ್ತಿಶಾಸನಗಳಲ್ಲೂ ಬೇಕಾದಷ್ಟು ಸುಳ್ಳಿರುತ್ತದೆ! ಯಾರು ಹೊರಡಿಸಿದ್ದೆಂದು ಹೇಳಿಕೊಳ್ಳುತ್ತದೋ ಅವರು ಹೊರಡಿಸಿದ್ದಲ್ಲ, ಅದಕ್ಕೆ ಕೂಟ. 464 ಹೇಳುವುದೂ ಬಹುಮಟ್ಟಿಗೆ ಇದನ್ನೇ. ಆದ್ದರಿಂದ ‘ಕೂಟಪತ್ರ’, ‘ಕೂಟರಚನೆ’.

ಅಡ್ಡಿ ಒಂದೇ. ಕನ್ನಡದ್ದೇ ಆದ ಇನ್ನೊಂದು ಕೂಟವಿದೆ, ‘ಕೂಡು’ವಿನಿಂದ ಬಂದದ್ದು. ಸಂತೋಷಕೂಟ, ಔತಣಕೂಟ, ಮಿತ್ರಕೂಟ. ಸಂಸ್ಕೃತದ ಸುಳ್ಳಿನ ಕೂಟ ಗೊತ್ತಿಲ್ಲದ ಓದುಗ ‘ಕೂಟರಚನೆ’ ಎಂದರೆ ಸಂಘ ಕಟ್ಟಿದರು ಎಂದುಕೊಂಡಾನು. ಅದು ನೇರವಾಗಿ ನಾಲ್ಕನೇ ಪದದ ಹೊಸ್ತಿಲಿಗೆ ಕೊಂಡೊಯ್ಯುತ್ತದೆ.

ಕಾನ್‌ಸ್ಪಿರಸಿಗೆ ‘ಒಳಸಂಚು’ ಚಲಾವಣೆಯಲ್ಲಿದೆ, ನಾನೂ ಬಿಡುವುದಿಲ್ಲ. ‘ಪಿತೂರಿ’ ಬೇಡ. ಮರಾಠಿಯಿಂದ ಬಂದ ಆ ಪದಕ್ಕೆ ದಂಗೆಯ ಬಣ್ಣ ಹತ್ತಿದೆ. 1879ರ ರಂಪಾ ಬಂಡಾಯವನ್ನು ‘ರಂಪಾ ಫಿತೂರಿ’ ಎಂದೇ ಕರೆಯುತ್ತಿದ್ದರು. ಸೈಟು ಮಾರಿದವರಿಗೆ ಅಷ್ಟು ಗೌರವ ಬೇಡ. ಆದರೆ ‘ಒಳಸಂಚು’ ಎಂದೊಡನೆ ಗುಟ್ಟು, ಉಪಾಯ, ಕತ್ತಲೆ ಕೋಣೆ ಕಣ್ಣಮುಂದೆ ಬರುತ್ತವೆ. 1913ರಲ್ಲಿ ಸೇರಿಸಿದ 120-ಎ ಕೇಳುವುದು ಅದನ್ನಲ್ಲ. ಇಬ್ಬರು ಅಥವಾ ಹೆಚ್ಚು ಮಂದಿ ಕಾನೂನುಬಾಹಿರ ಕೆಲಸಕ್ಕೆ, ಇಲ್ಲವೇ ಕಾನೂನಿನ ಕೆಲಸವನ್ನು ಕಾನೂನುಬಾಹಿರ ದಾರಿಯಲ್ಲಿ ಮಾಡಲಿಕ್ಕೆ *ಒಪ್ಪಿಕೊಂಡಿರಬೇಕು*. ಒಪ್ಪಿಗೆಯೇ ತಿರುಳು. ಅದಕ್ಕೆ ಯಾರೂ ಛಾಪಾ ಕಾಗದದಲ್ಲಿ ಕರಾರು ಬರೆಯುವುದಿಲ್ಲವಾದ್ದರಿಂದ ಸಂದರ್ಭಗಳಿಂದಲೇ ಕಟ್ಟಬೇಕು. ಮುಖ್ತ್ಯಾರುನಾಮೆ ಮತ್ತು ಕ್ರಯ ಒಂದೇ ದಿನ ಆಗಿರುವುದು, ಎರಡಕ್ಕೂ ಅದೇ ಇಬ್ಬರು ಸಾಕ್ಷಿಗಳಿರುವುದು, ಕ್ರಯದ ಹಣ ವಾರದೊಳಗೆ ಮೂರು ಖಾತೆಗಳಿಗೆ ಹಂಚಿಹೋಗಿರುವುದು. ಇಂಥವು ಕೊಂಡಿಗೆ ಕೊಂಡಿ ಸೇರಿ, ನಿರಪರಾಧಿ ಎನ್ನಲು ಸಂದಿ ಉಳಿಯಬಾರದು. ‘ಗೊತ್ತಿತ್ತು’ ಎಂಬುದರಿಂದ ‘ಒಪ್ಪಿದ್ದ’ ಎಂಬಲ್ಲಿಗೆ ಹಾರುವ ಹಾಗಿಲ್ಲ. ಒಪ್ಪಂದ ಇತ್ತೆಂದು ನಂಬಲು ತಕ್ಕ ಕಾರಣ ಸಿಕ್ಕರೆ, ಸಂಚು ಸಾಗುತ್ತಿದ್ದಾಗ ಒಬ್ಬ ಆಡಿದ್ದು, ಮಾಡಿದ್ದು, ಬರೆದದ್ದು ಉಳಿದವರ ಮೇಲೂ ಸಾಕ್ಷ್ಯವಾಗುತ್ತದೆ. ಎಲ್ಲ ಮುಗಿದ ಮೇಲೆ ಸಿಕ್ಕಿಬಿದ್ದು ಬಾಯಿಬಿಟ್ಟದ್ದು ಈ ಲೆಕ್ಕಕ್ಕೆ ಬಾರದು.

‘ಶಾಮೀಲು’ ಇದರ ಪಕ್ಕದ ಮನೆಯ ಪದ. ಮೂಲದಲ್ಲಿ ಬರೀ ‘ಸೇರಿದ’ ಎಂದರ್ಥ. ಹಿಂದಿಯವರು ಮದುವೆಗೂ ಶಾಮಿಲ್ ಆಗುತ್ತಾರೆ, ಕನ್ನಡದಲ್ಲಿ ಕೆಟ್ಟ ಕೆಲಸಕ್ಕೆ ಮಾತ್ರ ಶಾಮೀಲು. ದೂರಿನಲ್ಲಿ ಇದನ್ನು ಬಳಸಿದ ಕೂಡಲೇ ಅರ್ಧ ಅಪರಾಧ ಸಾಬೀತಾದಂತೆ ಕೇಳಿಸುವುದು ಅದಕ್ಕೇ.

ಈಗ ಅಸಲು ಪ್ರಶ್ನೆ. ತೀರ್ಪಿನಲ್ಲಿ ಸಾಕ್ಷಿಯೊಬ್ಬ, ನಾಲ್ಕನೇ ಆರೋಪಿ ಮೊದಲ ಮೂವರ ಜೊತೆ ‘ಇನ್ ಲೀಗ್’ ಇದ್ದನೆಂದು ನುಡಿದಿದ್ದಾನೆಂದು ಇದೆ. ‘ಶಾಮೀಲಾಗಿದ್ದ’ ಎಂದು ಬರೆದು ಮುಂದೆ ಹೋಗಿದ್ದೆ. ಅನುಮಾನ ಬಂದು ಕಡತದಲ್ಲಿ ಕನ್ನಡದ ಮೂಲ ಹೇಳಿಕೆ ತೆರೆದೆ. ಸಾಕ್ಷಿ ಮಂಡ್ಯದ ಕಡೆಯ ಮುದುಕ. ಅವನು ಹೇಳಿದ್ದು: “ಅವನೂ ಇವ್ರ ಕೂಟೆ ಬಂದಿದ್ದ.” ಆ ಸೀಮೆಯಲ್ಲಿ ‘ಕೂಟೆ’ ಎಂದರೆ ‘ಜೊತೆಗೆ’, ಅಷ್ಟೇ. ನನ್ನ ಕೂಟೆ ಬಾ, ಅವಳ ಕೂಟೆ ಹೋದ. ಇಂಗ್ಲಿಷಿಗೆ ಹಾಕಿದವರು ಅದರಲ್ಲಿ ಒಂದು ಕೂಟವನ್ನೇ ಕಂಡರು.

ತೀರ್ಪಿನ ಅನುವಾದಕನಾಗಿ ನಾನು ತೀರ್ಪಿನಲ್ಲಿರುವ ‘ಶಾಮೀಲಾಗಿದ್ದ’ ಎಂಬುದನ್ನು ಉಳಿಸಬೇಕೇ, ಮುದುಕ ಆಡಿದ ‘ಕೂಟೆ ಬಂದಿದ್ದ’ ಎಂಬುದನ್ನು ಇಡಬೇಕೇ? ಎರಡನ್ನೂ ಇಟ್ಟು ಅಡಿಟಿಪ್ಪಣಿ ಹಾಕುವ ಅಧಿಕಾರ ನನಗಿಲ್ಲ. ಇಂಥದ್ದನ್ನು ದಾಟಿದವರಿದ್ದರೆ ದಯವಿಟ್ಟು ತಿಳಿಸಿ.