ಡಿಸ್ಲೆಕ್ಸಿಯಾ ಮತ್ತು ಮಿದುಳು: ಮಕ್ಕಳ ನರರೋಗ ವೈದ್ಯೆಯೊಂದಿಗೆ ಪ್ರಶ್ನೋತ್ತರ

ಸದಸ್ಯೆ, ದಾವಣಗೆರೆ: ನಮಸ್ಕಾರ ಮೇಡಂ. ಐದನೇ ತರಗತಿಯ ನನ್ನ ಮಗಳಿಗೆ ಓದು-ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾ ಎಂಬ ಕಲಿಕೆಯ ತೊಂದರೆ ಇದೆಯೆಂದು ಕಳೆದ ವರ್ಷ ಗೊತ್ತಾಯಿತು. ಪ್ರತಿ ಪದವನ್ನೂ ತುಟಿಯಲ್ಲೇ ಗುನುಗಿಕೊಂಡು ಓದುತ್ತಾಳೆ, ಒತ್ತಕ್ಷರ ಬಂದಲ್ಲಿ ತಡವರಿಸುತ್ತಾಳೆ. ಆದರೆ ಓದಿ ಮುಗಿಸಿದ ಪಾಠದ ಮೇಲೆ ಏನು ಕೇಳಿದರೂ ಸರಿಯಾಗಿ ಉತ್ತರಿಸುತ್ತಾಳೆ. ಇದು ಹೇಗೆ ಸಾಧ್ಯ?

ವೈದ್ಯೆ: ನಮಸ್ಕಾರ. ಓದಿಗೆಂದೇ ಹುಟ್ಟಿನಿಂದ ಬಂದ ಜಾಗ ಯಾರ ಮಿದುಳಿನಲ್ಲೂ ಇಲ್ಲ. ಬರವಣಿಗೆಗೆ ವಯಸ್ಸಾಗಿರುವುದೇ ಸುಮಾರು 5,000 ವರ್ಷ; ಆದ್ದರಿಂದ ಪ್ರತಿ ಮಗುವೂ ಮಾತಿಗೂ ನೋಟಕ್ಕೂ ಇರುವ ಭಾಗಗಳನ್ನೇ ಓದಿಗಾಗಿ ಹೊಸದಾಗಿ ಹೆಣೆದುಕೊಳ್ಳಬೇಕಾಗುತ್ತದೆ. ಹೆಚ್ಚಿನವರಲ್ಲಿ ಎಡಕಿವಿಯ ಮೇಲ್ಹಿಂಭಾಗದ ಪ್ರದೇಶ ಅಕ್ಷರವನ್ನು ಧ್ವನಿಗೆ ಹೊಂದಿಸುತ್ತದೆ. ಮಿದುಳಿನ ಎಡ ಹಿಂಭಾಗದ ತಳದಲ್ಲಿರುವ ಇನ್ನೊಂದು ಪ್ರದೇಶ ಪರಿಚಿತ ಪದವನ್ನು ಕಂಡೊಡನೆ ಗುರುತಿಸಲು ಕ್ರಮೇಣ ಪಳಗುತ್ತದೆ. ಡಿಸ್ಲೆಕ್ಸಿಯಾ ಇರುವ ಮಕ್ಕಳನ್ನು ಗುಂಪಾಗಿ ಪರೀಕ್ಷಿಸಿದಾಗ ಈ ಎರಡು ಕಡೆಗಳಲ್ಲೂ ಚಟುವಟಿಕೆ ಕಡಿಮೆ ಕಂಡುಬಂದಿದೆ. ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ನಿಮ್ಮ ಮಗಳಲ್ಲಿ ಚೆನ್ನಾಗಿಯೇ ಇದೆ. ಪದ ಕೈಗೆ ಸಿಗುವುದಷ್ಟೇ ತಡವಾಗುತ್ತಿದೆ. ಗುನುಗುವುದು ಅವಳು ಧ್ವನಿಯನ್ನು ಹಿಡಿದಿಟ್ಟುಕೊಳ್ಳುವ ರೀತಿ, ದಯವಿಟ್ಟು ಅದನ್ನು ಬಿಡಿಸಬೇಡಿ.

ಇಂಥ ಮಕ್ಕಳ ಬಗ್ಗೆ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಫುಮಿಕೊ ಹೋಫ್ಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ. ಪ್ರಾಸ ಗುರುತಿಸುವಾಗ ಬಲ ಮುಂಭಾಗದ ಒಂದು ಪ್ರದೇಶ ಹೆಚ್ಚು ಚುರುಕಾಗಿದ್ದ ಮತ್ತು ಬಲಭಾಗದ ಒಂದು ನರತಂತುಗಳ ಕಟ್ಟು ಸುಸಂಘಟಿತವಾಗಿದ್ದ ಮಕ್ಕಳು ಎರಡೂವರೆ ವರ್ಷಗಳಲ್ಲಿ ಓದಿನಲ್ಲಿ ಹೆಚ್ಚು ಮುಂದುವರಿದಿದ್ದರು. ಕಾಗದದ ಮೇಲಿನ ಓದಿನ ಪರೀಕ್ಷೆಗಳಿಂದ ಈ ಮುನ್ಸೂಚನೆ ಸಿಕ್ಕಿರಲಿಲ್ಲ. ಹಾಗೆಂದು ಬಲಮಿದುಳಿಗೆ ವ್ಯಾಯಾಮ ಹುಡುಕಲು ಹೊರಡಬೇಡಿ. ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಕ್ರಮಬದ್ಧವಾಗಿ ದಿನವೂ ಕಲಿಸಿದಾಗ ಎಡಭಾಗದ ಚಟುವಟಿಕೆಯೂ ಹೆಚ್ಚಿರುವುದು ಬೇರೆ ಅಧ್ಯಯನಗಳಲ್ಲಿ ದಾಖಲಾಗಿದೆ. ಒತ್ತಕ್ಷರದ ವಿಷಯದಲ್ಲಿ ಅವಸರ ಬೇಡ: ಕನ್ನಡದ ಅಕ್ಷರಗಳನ್ನು ಪೂರ್ತಿ ಕಲಿಯಲು ತೊಂದರೆಯಿಲ್ಲದ ಮಕ್ಕಳಿಗೂ ಹಲವು ವರ್ಷ ಬೇಕೆಂಬುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಕ, ಕ್ಷ, ಕ್ಷಿ ಎಂದು ಬಿಡಿಸಿ, ಕೂಡಿಸಿ, ಬರೆಸುತ್ತಾ ಓದಿಸಿ.

ಸದಸ್ಯ, ಹಾಸನ: ಇದಕ್ಕೆ ಎಂಆರ್‌ಐ ಮಾಡಿಸಬೇಕೇ?

ವೈದ್ಯೆ: ಬೇಡ. ಡಿಸ್ಲೆಕ್ಸಿಯಾವನ್ನು ಓದು-ಬರಹದ ಪರೀಕ್ಷೆಗಳಿಂದ ಗುರುತಿಸಲಾಗುತ್ತದೆ.

ಸದಸ್ಯೆ, ತುಮಕೂರು: ಮೇಡಂ, ಮಾತ್ರೆ ಏನಾದರೂ ಇದೆಯೇ?

ವೈದ್ಯೆ: ಇಲ್ಲ.

ಸದಸ್ಯ, ಬೆಂಗಳೂರು: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಕ್ಕಳು ಪುಸ್ತಕ ಓದುವ ವಿಡಿಯೋ ಕಳಿಸಿದ್ದೇನೆ. ಮಿದುಳಿನ ನಡುಭಾಗವನ್ನು ಚುರುಕುಗೊಳಿಸುವ ಮಿಡ್‌ಬ್ರೇನ್ ಆಕ್ಟಿವೇಶನ್ ಎಂಬ ತರಬೇತಿಯಿಂದ ಡಿಸ್ಲೆಕ್ಸಿಯಾ ಪೂರ್ತಿ ಗುಣವಾಗುತ್ತದಂತೆ. ಜೊತೆಗೆ ಬಣ್ಣದ ಕನ್ನಡಕವೂ ಒಳ್ಳೆಯದಂತೆ.

ವೈದ್ಯೆ: ಆ ಮಕ್ಕಳು ಓದುತ್ತಿರುವುದು ಮೂಗಿನ ಪಕ್ಕದ ಸಂದಿನಿಂದ ಇಣುಕಿ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ಅನೇಕ ಬಾರಿ ಬಯಲು ಮಾಡಿದ್ದಾರೆ. ಬಣ್ಣದ ಕನ್ನಡಕಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2009ರಲ್ಲೇ ಹೇಳಿದೆ. "ಅಂತೆ" ಎಂದು ಮುಗಿಯುವ ಸಂದೇಶಗಳನ್ನು ಇಲ್ಲಿಗೆ ಕಳುಹಿಸಬೇಡಿ. ಅವುಗಳನ್ನು ನಂಬಿದವರು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ಮಗುವಿನ ಕಲಿಕೆಯ ವರ್ಷಗಳನ್ನು.

ಸದಸ್ಯ, ಬೆಂಗಳೂರು: ಅಲೋಪತಿಯವರಿಗೆ ಬೇರೆ ಯಾವುದೂ ಹಿಡಿಸುವುದಿಲ್ಲ.

ಸದಸ್ಯೆ, ಶಿವಮೊಗ್ಗ: ನಮ್ಮಿಂದ ಆ ತರಬೇತಿಗೆ ದೊಡ್ಡ ಮೊತ್ತ ಕಟ್ಟಿಸಿಕೊಂಡರು. ಮಗನಿಗೆ ಕಾಗುಣಿತ ಮಾತ್ರ ಬರಲಿಲ್ಲ. ನೀವು ಅವರ ಏಜೆಂಟರೇ?

ಸದಸ್ಯ, ಧಾರವಾಡ: ಈ ತೊಂದರೆಗೆಲ್ಲ ಇಂಗ್ಲಿಷ್ ಮಾಧ್ಯಮವೇ ಮೂಲ. ಕನ್ನಡ ಶಾಲೆಗೆ ಸೇರಿಸಿದರೆ ಮುಗಿಯಿತು.

ಸದಸ್ಯೆ, ದಾವಣಗೆರೆ: ನನ್ನ ಮಗಳು ಓದುತ್ತಿರುವುದು ಕನ್ನಡ ಶಾಲೆಯಲ್ಲೇ, ಸರ್. ಮೊದಲು ಪ್ರಶ್ನೆಯನ್ನು ಓದಿ.

ಸದಸ್ಯ, ಧಾರವಾಡ: ಹಾಗಾದರೆ ಮನೆಯಲ್ಲಿ ಓದಿಸುವವರಿಲ್ಲ ಎಂದಾಯಿತು.

ಸದಸ್ಯೆ, ಶಿವಮೊಗ್ಗ: ಮಾತಿನ ಮೇಲೆ ಹಿಡಿತವಿರಲಿ, ಸರ್.

ಸದಸ್ಯೆ, ಮಂಡ್ಯ: ನನ್ನ ಮಗ ಎಡಗೈಯಲ್ಲಿ ಬರೆಯುತ್ತಾನೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಸದಸ್ಯ, ರಾಯಚೂರು: ಬೆಳಿಗ್ಗೆಯೇ ಕೇಳಿದ್ದೆ, ಯಾರೂ ಗಮನಿಸಲಿಲ್ಲ. ಒಂಬತ್ತು ವರ್ಷದ ಮಗ ಹೋದ ವರ್ಷದವರೆಗೂ ಸರಾಗವಾಗಿ ಓದುತ್ತಿದ್ದ. ಈಗ ಸಾಲುಗಳನ್ನು ಬಿಟ್ಟು ಓದುತ್ತಾನೆ, ನಡುವೆ ಕೆಲವು ಕ್ಷಣ ಶೂನ್ಯ ನೋಡುತ್ತಾನೆ, ಕೈಬರಹವೂ ಕೆಟ್ಟಿದೆ. ಡಿಸ್ಲೆಕ್ಸಿಯಾ ಇರಬಹುದೆಂದು ಶಾಲೆಯವರು ಹೇಳುತ್ತಾರೆ.

ವೈದ್ಯೆ: ಉಳಿದವರು ದಯವಿಟ್ಟು ಜಗಳ ನಿಲ್ಲಿಸಿ, ಇವರ ಪ್ರಶ್ನೆ ನಿಮ್ಮ ವಾದದಡಿ ಹೂತುಹೋಗಿತ್ತು. ಅಪ್ಪನವರೇ, ಡಿಸ್ಲೆಕ್ಸಿಯಾ ಕಲಿಕೆಯ ಆರಂಭದಿಂದಲೇ ಕಾಣುವ ತೊಂದರೆ. ಚೆನ್ನಾಗಿ ಬರುತ್ತಿದ್ದ ಓದು ಕೈತಪ್ಪುವುದನ್ನು ನಾವು ಹಾಗೆ ಕರೆಯುವುದಿಲ್ಲ. ಕೆಲವು ಕ್ಷಣ ಶೂನ್ಯ ನೋಡುವುದು ಮೈನಡುಕವಿಲ್ಲದ ಒಂದು ಬಗೆಯ ಫಿಟ್ಸ್ ಆಗಿರಬಹುದು, ಅದಕ್ಕೆ ಒಳ್ಳೆಯ ಔಷಧವಿದೆ. ಆದರೆ ಬರಹವೂ ಕೆಡುತ್ತಿರುವುದರಿಂದ ನನಗೆ ಆತಂಕವಾಗುತ್ತಿದೆ. ಚಿಕ್ಕಂದಿನಲ್ಲಿ ದಡಾರ ಬಂದಿದ್ದ ಮಕ್ಕಳಲ್ಲಿ ವರ್ಷಗಳ ನಂತರ ಕಾಣಿಸಿಕೊಳ್ಳುವ ಮಿದುಳಿನ ಕಾಯಿಲೆಯೊಂದು, ಹುಡುಗರಲ್ಲಿ ಹೆಚ್ಚಾಗಿ ಬರುವ ಕೆಲವು ಆನುವಂಶಿಕ ಕಾಯಿಲೆಗಳು ಹೀಗೆಯೇ ಓದಿನಲ್ಲಿ ಹಿಂದುಳಿಯುವುದರಿಂದ ಆರಂಭವಾಗಬಹುದು. ಇವು ಅಪರೂಪ, ಆದರೂ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಶೂನ್ಯ ನೋಡುವಾಗ ಮೊಬೈಲಿನಲ್ಲಿ ಚಿತ್ರೀಕರಿಸಿ, ಹೋದ ವರ್ಷದ ನೋಟ್‌ಬುಕ್ಕನ್ನೂ ಈ ವರ್ಷದ್ದನ್ನೂ ತೆಗೆದುಕೊಂಡು ಈ ವಾರವೇ ಮಕ್ಕಳ ನರರೋಗ ತಜ್ಞರನ್ನು ಕಾಣಿ. ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ), ಅಗತ್ಯವಿದ್ದರೆ ಎಂಆರ್‌ಐ, ಅವರೇ ಹೇಳುತ್ತಾರೆ. ಕಣ್ಣಿನ ಪರೀಕ್ಷೆಯೂ ಆಗಲಿ. ನಡೆಯುವಾಗ ಎಡವುವುದು, ಕೈಕಾಲು ಜಗ್ಗಿದಂತಾಗುವುದು ಕಂಡರೆ ವಾರವೂ ಕಾಯಬೇಡಿ.

ಸದಸ್ಯ, ಹಾಸನ: ಎಂಆರ್‌ಐ ಬೇಡವೆಂದು ಮೇಲೆ ನೀವೇ ಬರೆದಿದ್ದಿರಲ್ಲ?

ವೈದ್ಯೆ: ಡಿಸ್ಲೆಕ್ಸಿಯಾಗೆ ಬೇಡ ಎಂದು ಬರೆದಿದ್ದೆ. ಇದು ಡಿಸ್ಲೆಕ್ಸಿಯಾ ಅಲ್ಲ. ರಾಯಚೂರಿನವರೇ, ಹೊರಡುವ ಮೊದಲು ಮಗನ ಲಸಿಕೆ ಕಾರ್ಡನ್ನೂ ಚೀಲದಲ್ಲಿ ಹಾಕಿಕೊಳ್ಳಿ.