ಒಂದು ಗ್ಯಾಲನ್ ಡೆವಲಪರ್ (ಫಿಲ್ಮ್‌ನಲ್ಲಿ ಚಿತ್ರ ಮೂಡಿಸುವ ದ್ರಾವಣ) ಕಲಸಿದೆ, ನೆಗೆಟಿವ್ ಎಲ್ಲಾ ತೆಳು, ಚಿತ್ರ ಮಸುಕು. ಯಾಕೆ?

ರೋಲ್120: ತಲೆ ಕೆಟ್ಟುಹೋಗಿದೆ. ಪೊಟ್ಟಣದ ಮೇಲೆ ಇದ್ದ ಹಾಗೇ ಪುಡಿಯಿಂದ ಒಂದು ಗ್ಯಾಲನ್ ಸ್ಟಾಕ್ (ಮೂಲ ದ್ರಾವಣ) ಮಾಡಿದ್ದೇನೆ, ಟೈಮೂ ಚಾರ್ಟ್‌ನಲ್ಲಿ ಇರೋದೇ. ಆದರೂ ನೆಗೆಟಿವ್‌ನಲ್ಲಿ ಕಪ್ಪಗೆ ಬರಬೇಕಾದ ಆಕಾಶ ಬೂದು ಬಣ್ಣ, ಫಿಲ್ಮ್ ಅಂಚಿನ ಫ್ರೇಮ್ ನಂಬರ್ ಕೂಡ ಮಸುಕು. ಪುಡಿ ಹಾಳಾಗಿದೆಯಾ?

ಹಳೇಲೆನ್ಸ್: ತಣ್ಣಗಾಗಿರುತ್ತದೆ. 20 ಡಿಗ್ರಿ ಇತ್ತಾ?

ರೋಲ್120: ಸರಿಯಾಗಿ 20.

ಹಳೇಲೆನ್ಸ್: ಒಂದೇ ಥರ್ಮಾಮೀಟರ್ ನಂಬಬೇಡಿ. ನನ್ನ ಹತ್ತಿರ ಪಾದರಸದ್ದು, ಡಿಜಿಟಲ್ ಎರಡೂ ಇವೆ, ಟ್ಯಾಂಕ್ ಇಡೋಕೆ ಹೀಟರ್ ಇರುವ ನೀರಿನ ತೊಟ್ಟಿಯೂ ಇದೆ, ಕಾಲು ಡಿಗ್ರಿ ಆಚೀಚೆ ಆಗಲ್ಲ.

ಗ್ರೇನ್‌ಪ್ರಿಯ: ತೊಟ್ಟಿ ಪುರಾಣ ಆಮೇಲೆ. ಅಂಚಿನ ನಂಬರ್ ಫಿಲ್ಮ್ ಕಾರ್ಖಾನೆಯಲ್ಲೇ ಬಿದ್ದಿರುತ್ತದೆ, ಅದೇ ಮಸುಕು ಅಂದ್ರೆ ಕ್ಯಾಮೆರಾದ ತಪ್ಪಲ್ಲ. ಎಷ್ಟು ಲೀಟರ್ ನೀರು?

ರೋಲ್120: ಹೇಳಿದೆನಲ್ಲ, ಒಂದು ಗ್ಯಾಲನ್! ಫೋನ್ ಆಪ್ ತೋರಿಸಿದಂತೆ ನಾಲ್ಕೂವರೆ ಲೀಟರ್‌ಗಿಂತ ಒಂಚೂರು ಮೇಲೆ.

ಗ್ರೇನ್‌ಪ್ರಿಯ: ಅದು ಬ್ರಿಟಿಷ್ ಗ್ಯಾಲನ್, 4.546 ಲೀಟರ್. ಅಮೆರಿಕದ್ದು 3.785. ಪೊಟ್ಟಣ ಅಮೆರಿಕದ್ದಾದರೆ ನೀರು ನೂರಕ್ಕೆ ಇಪ್ಪತ್ತು ಭಾಗ ಜಾಸ್ತಿಯಾಗಿ ಡೆವಲಪರ್ ಸಪ್ಪೆಯಾಗಿದೆ. 3.8 ಲೀಟರ್ ಅಂತ ಸಣ್ಣಕ್ಷರದಲ್ಲಿ ಇದೆಯಾ ನೋಡಿ.

ಅಳತೆಗಾರ: ಔನ್ಸ್‌ಗೆ ಇದೇ ಲೆಕ್ಕ ಹಾಕಬೇಡಿ, ಅಲ್ಲಿ ಉಲ್ಟಾ. ಅಮೆರಿಕದ ದ್ರವ ಔನ್ಸ್ 29.57 ಮಿಲಿ, ಬ್ರಿಟಿಷರದ್ದು 28.41. ಬ್ರಿಟಿಷ್ ಗ್ಯಾಲನ್‌ಗೆ 160 ಔನ್ಸ್, ಅಮೆರಿಕದ್ದಕ್ಕೆ 128.

ಹಳೇಲೆನ್ಸ್: 28.35 ಅಲ್ವಾ?

ಅಳತೆಗಾರ: ಅದು ತೂಕದ ಔನ್ಸ್, ಗ್ರಾಂನಲ್ಲಿ. ತಕ್ಕಡಿಗೂ ಅಳತೆ ಜಾರ್‌ಗೂ ಏನು ಸಂಬಂಧ?

ಹಳೇಲೆನ್ಸ್: ಬ್ರಿಟಿಷ್ ಔನ್ಸ್ ನೀರಿಗಾದ್ರೆ ಎರಡೂ ಹೆಚ್ಚುಕಮ್ಮಿ ಒಂದೇ, ಸುಮ್ನೆ ಎಳೀಬೇಡಿ.

ರೋಲ್120: ಜಗಳ ಬಿಡ್ರಪ್ಪಾ. ಪೊಟ್ಟಣ ಬಿಸಾಡಿ ಆಗಿದೆ, ಆದ್ರೆ ಅಮೆರಿಕದ್ದೇ. ಉಳಿದ ಸ್ಟಾಕ್ ಚೆಲ್ಲಬೇಕಾ?

ಗ್ರೇನ್‌ಪ್ರಿಯ: ಬೇಡ. ನೀರು ಸೇರಿಸದೆ ಹಾಗೇ ಬಳಸೋದು ಬಿಟ್ಟು 1+1 (ಒಂದು ಪಾಲು ಸ್ಟಾಕ್, ಒಂದು ಪಾಲು ನೀರು) ಮಾಡಿ. 500 ಮಿಲಿ ಬೇಕಾದರೆ 250 ಸ್ಟಾಕ್ ಬದಲು 300 ತಗೊಳ್ಳಿ, ನೀರು 200. ಪುಡಿ ಪ್ರಮಾಣ ಅಷ್ಟೇ ಬರುತ್ತದೆ. ಟೈಮ್ ಮಾತ್ರ 1+1 ಚಾರ್ಟ್‌ನದೇ ಇರಲಿ.

ಕತ್ತಲೆಕೋಣೆ: ನನ್ನದು ಅಮೆರಿಕದ ಕ್ವಾರ್ಟ್ (ಕಾಲು ಗ್ಯಾಲನ್) ಪೊಟ್ಟಣ. ಒಂದು ಲೀಟರ್ ಹಾಕಿದರೆ ನಡೆಯುತ್ತಾ?

ಗ್ರೇನ್‌ಪ್ರಿಯ: 946 ಮಿಲಿ ಅದು. ಐದಾರು ಪರ್ಸೆಂಟ್ ಅಷ್ಟೇ, ಕಣ್ಣಿಗೆ ಕಾಣಲ್ಲ.

ಅಳತೆಗಾರ: ನಿಮ್ಮ ಕಣ್ಣಿಗೆ ಕಾಣಲ್ಲ.