ಕಳುಹಿಸಿದ ವಾರದೊಳಗೇ ಲೇಖನ ಸ್ವೀಕೃತ, ಹಿಂಪಡೆಯಲು 5,000 ಕೇಳುತ್ತಿದ್ದಾರೆ: ಏನು ಮಾಡಲಿ?

ಕೆರೆಶಾಸನ (ಪ್ರಶ್ನೆ)

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಜೊತೆಯಲ್ಲೇ ಪಿಎಚ್‌ಡಿ ನಡೆದಿದೆ. ಕೆರೆ ಕಟ್ಟಿಸಿದವರ, ಕೆರೆಯ ದುರಸ್ತಿಗೆ ಗದ್ದೆ ಬಿಟ್ಟುಕೊಟ್ಟವರ ಶಾಸನಗಳ ಮೇಲೆ ಒಂದು ಲೇಖನ ಬರೆದು, ಸಹೋದ್ಯೋಗಿಯೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡ ಪ್ರಕಟಣೆಯನ್ನು ನಂಬಿ ಒಂದು ಸಂಶೋಧನಾ ಪತ್ರಿಕೆಗೆ ಕಳುಹಿಸಿದೆ. ‘ಪೀರ್ ರಿವ್ಯೂ (ವಿಷಯ ತಜ್ಞರ ಪರಿಶೀಲನೆ) ಇದೆ, ಯುಜಿಸಿ ಕೇರ್ ಪಟ್ಟಿಯಲ್ಲಿದೆ (ವಿಶ್ವವಿದ್ಯಾಲಯ ಧನಸಹಾಯ ಆಯೋಗ ಒಪ್ಪಿದ ಪತ್ರಿಕೆಗಳ ಪಟ್ಟಿ), ಐಎಸ್‌ಎಸ್‌ಎನ್ (ಪತ್ರಿಕೆಯನ್ನು ಗುರುತಿಸುವ ಸಂಖ್ಯೆ) ಇದೆ’ ಎಂದೆಲ್ಲ ಅದರಲ್ಲಿತ್ತು.

ಸೋಮವಾರ ಕಳುಹಿಸಿದ್ದು, ಗುರುವಾರ ಮಧ್ಯಾಹ್ನ ಸ್ವೀಕಾರ ಪತ್ರ ಬಂತು. ಪರಿಶೀಲಕರ ಅಭಿಪ್ರಾಯದ ಜಾಗದಲ್ಲಿ ‘ಲೇಖನ ಉತ್ತಮವಾಗಿದೆ, ಪ್ರಕಟಿಸಬಹುದು’ ಎಂಬ ಒಂದೇ ಸಾಲು. ಅದರ ಕೆಳಗೆ 3,500 ರೂಪಾಯಿ ಶುಲ್ಕ ಮತ್ತು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಸಂಸ್ಥೆಯ ಹೆಸರು ಬರುವುದಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು ಬರುತ್ತದೆ. ಅನುಮಾನ ಬಂದು, ಲೇಖನವನ್ನು ಹಿಂಪಡೆಯುತ್ತೇನೆ ಎಂದು ಬರೆದೆ. ‘ಹಿಂಪಡೆಯುವ ಶುಲ್ಕ 5,000 ರೂಪಾಯಿ. ಕಟ್ಟದಿದ್ದರೆ ನಿಮ್ಮ ವಿಶ್ವವಿದ್ಯಾಲಯಕ್ಕೆ ದೂರು ಹೋಗುತ್ತದೆ’ ಎಂದು ಉತ್ತರ ಬಂದಿದೆ.

ಹಣ ಕೊಟ್ಟಿಲ್ಲ. ಕೃತಿಸ್ವಾಮ್ಯದ ಫಾರಂಗೆ ಸಹಿಯನ್ನೂ ಮಾಡಿಲ್ಲ. ಈಗಲೇ ಬೇರೆ ಪತ್ರಿಕೆಗೆ ಕಳುಹಿಸಿದರೆ ಒಂದೇ ಲೇಖನವನ್ನು ಎರಡು ಕಡೆ ಕೊಟ್ಟ ದೋಷ ನನ್ನ ಮೇಲೆ ಬರುತ್ತದೆಯೇ? ಇನ್ನೊಂದು ತೊಡಕೂ ಇದೆ. ವಿಭಾಗದ ಮುಖ್ಯಸ್ಥರ ಹೆಸರನ್ನು ಎರಡನೆಯ ಲೇಖಕರಾಗಿ ಸೇರಿಸುವುದು ‘ಇಲ್ಲಿನ ರೂಢಿ’ ಎಂದು ಹಿರಿಯರೊಬ್ಬರು ಹೇಳುತ್ತಿದ್ದಾರೆ. ಮುಖ್ಯಸ್ಥರು ಲೇಖನವನ್ನು ಓದಿಯೂ ಇಲ್ಲ.

ಪಾಠಪ್ರವಚನ

ಮೇಡಂ, 3,500 ರೂಪಾಯಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುತ್ತೀರಾ? ಕಟ್ಟಿ ಮುಗಿಸಿ. ಯುಜಿಸಿಯ 2018ರ ಅಧ್ಯಾಪಕರ ನೇಮಕಾತಿ ನಿಯಮದಲ್ಲಿ ನಮ್ಮಂತಹ ಮಾನವಿಕ ವಿಷಯದವರಿಗೆ ಒಂದು ಲೇಖನಕ್ಕೆ 10 ಅಂಕ. ಸಂದರ್ಶನ ಸಮಿತಿಯಲ್ಲಿ ಕುಳಿತವರು ಲೇಖನವನ್ನು ತೆರೆದು ನೋಡುವುದಿಲ್ಲ, ಐಎಸ್‌ಎಸ್‌ಎನ್ ಇದೆಯೇ ಎಂದಷ್ಟೇ ನೋಡುತ್ತಾರೆ. ನಾನು ಕಂಡ ಮಟ್ಟಿಗೆ ಎಲ್ಲರೂ ಮಾಡುತ್ತಿರುವುದು ಇದನ್ನೇ. ನಿಯತ್ತಿನಿಂದ ಇದ್ದು ಹಿಂದೆ ಬಿದ್ದವರನ್ನೂ ನೋಡಿದ್ದೇನೆ.

ನಿಯತಕಾಲಿಕ ವಿಭಾಗ

ಗ್ರಂಥಪಾಲಕನಾಗಿ ಹೇಳುತ್ತಿದ್ದೇನೆ. ನೀವು ಖಾಸಗಿಯಾಗಿ ಕಳುಹಿಸಿದ ಕೊಂಡಿಯನ್ನು ನೋಡಿದೆ. ಇದು ಕಳಪೆ ಪತ್ರಿಕೆಯೂ ಅಲ್ಲ, ನಕಲಿ ಪತ್ರಿಕೆ. ಆ ಹೆಸರಿನ, ಆ ಐಎಸ್‌ಎಸ್‌ಎನ್‌ನ ನಿಜವಾದ ಪತ್ರಿಕೆ ಒಂದಿದೆ. ಹಳೆಯ ಸಂಸ್ಥೆಯೊಂದು ವರ್ಷಕ್ಕೆ ಎರಡು ಸಂಚಿಕೆ ಅಚ್ಚು ಹಾಕುತ್ತದೆ, ಜಾಲತಾಣ ಇಟ್ಟುಕೊಂಡಿಲ್ಲ. ಇಟ್ಟುಕೊಳ್ಳದ್ದನ್ನೇ ನೋಡಿ ಬೇರೆ ಯಾರೋ ಅದರ ಹೆಸರಿನಲ್ಲಿ ತಾಣ ತೆರೆದು ಅಂಗಡಿ ಹಾಕಿದ್ದಾರೆ.

ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಆ ಎಂಟು ಅಂಕಿಗಳನ್ನು ಹಾಕಿ ನೋಡಿ. ಅಲ್ಲಿ ಮಾಧ್ಯಮ ‘ಮುದ್ರಿತ’ ಎಂದಿದೆ. ಒಂದೇ ಪತ್ರಿಕೆ ಅಚ್ಚಿನಲ್ಲೂ ಅಂತರ್ಜಾಲದಲ್ಲೂ ಬಂದರೆ ಎರಡಕ್ಕೂ ಬೇರೆ ಬೇರೆ ಸಂಖ್ಯೆ ಇರಬೇಕು. ಮುದ್ರಿತ ಸಂಖ್ಯೆಯನ್ನು ಜಾಲತಾಣದ ನೆತ್ತಿಯ ಮೇಲೆ ಹಾಕಿಕೊಂಡಿದ್ದಾರೆ ಎಂದರೆ ಅಲ್ಲೇ ಮೊದಲ ಎಳೆ ಸಿಕ್ಕಿತು. ಆಮೇಲೆ ‘ಹಿಂದಿನ ಸಂಚಿಕೆಗಳು’ ತೆರೆದರೆ, ಒಂದೇ ಸಂಚಿಕೆಯಲ್ಲಿ ಜೇಡದ ಪ್ರಭೇದಗಳು, ಜಿಎಸ್‌ಟಿ, ವಚನ ಸಾಹಿತ್ಯ, ಕಬಡ್ಡಿ ಆಟಗಾರರ ಶ್ವಾಸಕೋಶದ ಸಾಮರ್ಥ್ಯ! ಇಷ್ಟನ್ನೆಲ್ಲ ಪರಿಶೀಲಿಸಬಲ್ಲ ಸಂಪಾದಕ ಮಂಡಳಿ ಭೂಮಿಯ ಮೇಲೆ ಇಲ್ಲ.

ಅಂದ ಹಾಗೆ, ಐಎಸ್‌ಎಸ್‌ಎನ್ ಎಂಬುದು ವಾಹನದ ನೋಂದಣಿ ಸಂಖ್ಯೆ ಇದ್ದಂತೆ. ಗಾಡಿ ಯಾವುದು ಎಂದು ಅದು ಹೇಳುತ್ತದೆ, ಚಾಲಕನಿಗೆ ಗಾಡಿ ಓಡಿಸಲು ಬರುತ್ತದೆಯೇ ಎಂದು ಹೇಳುವುದಿಲ್ಲ. ಕೇರ್ ಪಟ್ಟಿಯ ಮಾತೂ ಹಳೆಯದಾಯಿತು. ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನ ಹಳೆಯ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು, 2019ರಲ್ಲಿ ಕೇರ್ ಪಟ್ಟಿ ತಂದಿತು, 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟಿತು. ಈಗಲೂ ‘ಕೇರ್ ಪಟ್ಟಿಯಲ್ಲಿದೆ’ ಎಂದು ಜಾಹೀರಾತು ಕೊಡುವವರಿಗೆ ಆ ಸುದ್ದಿ ತಲುಪಿಲ್ಲ, ಅಥವಾ ನಿಮಗೆ ತಲುಪಿಲ್ಲ ಎಂಬ ಭರವಸೆ ಅವರಿಗಿದೆ.

ಅರ್ಧವಾರ್ಷಿಕ

ಇತಿಹಾಸ ಮತ್ತು ಶಾಸನಗಳ ಸಂಶೋಧನಾ ಪತ್ರಿಕೆಯೊಂದನ್ನು ಬಹಳ ವರ್ಷ ನಡೆಸಿ ಈಗ ನಿವೃತ್ತನಾಗಿದ್ದೇನೆ. ಹಣ ಕಟ್ಟಬೇಡಿ, ಸಹಿ ಹಾಕಬೇಡಿ. ಹಾಗೆಂದು ಇವತ್ತೇ ಬೇರೆ ಪತ್ರಿಕೆಗೆ ಕಳುಹಿಸಲೂ ಬೇಡಿ. ನಡುವೆ ಒಂದು ಕಾಗದದ ಕೆಲಸವಿದೆ.

ನಾಲ್ಕು ವಾಕ್ಯಗಳ ಮಿಂಚಂಚೆ ಬರೆಯಿರಿ. ‘ಈ ಶೀರ್ಷಿಕೆಯ ಲೇಖನವನ್ನು ಈ ದಿನಾಂಕದಂದು ಕಳುಹಿಸಿದ್ದೆ. ಇಂದಿನಿಂದ ಅದನ್ನು ಹಿಂಪಡೆದಿದ್ದೇನೆ. ಕೃತಿಸ್ವಾಮ್ಯವನ್ನು ನಿಮಗೆ ವರ್ಗಾಯಿಸಿಲ್ಲ. ಪ್ರಕಟಿಸಲು ನನ್ನ ಒಪ್ಪಿಗೆ ಇಲ್ಲ.’ ಅಷ್ಟೇ. ಕಾರಣ ಬರೆಯಬೇಡಿ, ಬೈಯಬೇಡಿ. ಬೈದರೆ ಅವರೂ ಬರೆಯುತ್ತಾರೆ, ಜಗಳ ಬೆಳೆಯುತ್ತದೆ. ಅದರ ಪ್ರತಿಯನ್ನು ನಿಮ್ಮ ಮಾರ್ಗದರ್ಶಕರಿಗೂ ಕಳುಹಿಸಿ. 5,000 ಕೇಳಿದ ಅವರ ಉತ್ತರವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಕೃತಿಸ್ವಾಮ್ಯ ಬಾಯಿಮಾತಿನಲ್ಲಿ ಕೈ ಬದಲಾಗುವುದಿಲ್ಲ, ಬರೆದು ಸಹಿ ಹಾಕಿದ ಪತ್ರ ಬೇಕು ಎಂದು 1957ರ ಕಾಯ್ದೆಯ 19ನೇ ಕಲಂ ಹೇಳುತ್ತದೆ. ನೀವು ಸಹಿಯನ್ನೇ ಮಾಡಿಲ್ಲ. ಯಾವ ಒಪ್ಪಂದವನ್ನು ಮುರಿದಿರೆಂದು 5,000? ವಿಶ್ವವಿದ್ಯಾಲಯಕ್ಕೆ ದೂರು ಕೊಡುತ್ತೇವೆ ಎನ್ನುವುದು ಗಾಳಿಗೆ ಗುದ್ದುವ ಮಾತು. ಬೇರೆಯವರ ಹೆಸರಿನಲ್ಲಿ ಅಂಗಡಿ ನಡೆಸುವವನು ಕುಲಸಚಿವರ ಕಚೇರಿಗೆ ತನ್ನ ವಿಳಾಸ ಬರೆದುಕೊಡುತ್ತಾನೆಯೇ?

ಎರಡು ಕಡೆ ಕೊಡಬಾರದು ಎಂಬ ನಿಯಮ ನ್ಯಾಯವಾದದ್ದೇ. ಒಂದೇ ಲೇಖನಕ್ಕೆ ಎರಡು ಪತ್ರಿಕೆಗಳ ಪರಿಶೀಲಕರು ಸಂಬಳವಿಲ್ಲದೆ ದುಡಿಯಬಾರದು ಎಂಬುದು ಅದರ ತಿರುಳು. ಇಲ್ಲಿ ಪರಿಶೀಲಕರೇ ಇರಲಿಲ್ಲ. ಆದರೂ ಹೊಸ ಪತ್ರಿಕೆಗೆ ಬರೆಯುವ ಪತ್ರದಲ್ಲಿ ನಡೆದದ್ದನ್ನು ಎರಡು ಸಾಲಿನಲ್ಲಿ ತಿಳಿಸಿ, ಹಿಂಪಡೆದ ಮಿಂಚಂಚೆಯನ್ನು ಲಗತ್ತಿಸಿ. ನನ್ನ ಮೇಜಿಗೂ ಇಂತಹ ಪತ್ರಗಳು ಬರುತ್ತಿದ್ದವು. ಮುಚ್ಚಿಡದೆ ಹೇಳಿದ ಲೇಖಕರನ್ನು ನಾನು ಅನುಮಾನಿಸಿದ್ದಿಲ್ಲ. ಇನ್ನೊಂದು ಉಪಯೋಗವೂ ಇದೆ. ಆ ಪುಣ್ಯಾತ್ಮರು ಲೇಖನವನ್ನು ತಾಣಕ್ಕೆ ಏರಿಸಿಯೇ ಬಿಟ್ಟರೆ, ನಾಳೆ ನಿಮ್ಮ ಪಿಎಚ್‌ಡಿ ಮಹಾಪ್ರಬಂಧವನ್ನು ಸಾಮ್ಯತೆ ಪರೀಕ್ಷೆಗೆ (ಬೇರೆ ಬರಹಗಳನ್ನು ಎಷ್ಟು ಹೋಲುತ್ತದೆ ಎಂದು ನೋಡುವ ಪರೀಕ್ಷೆ) ಹಾಕಿದಾಗ ಅದು ಅಲ್ಲಿ ಹೊಳೆಯುತ್ತದೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಶೇ 10 ದಾಟಿದರೆ ವಿವರಣೆ ಕೊಡಬೇಕಾಗುತ್ತದೆ. ಆಗ ಈ ಕಾಗದವೇ ನಿಮ್ಮ ಕೈಯಲ್ಲಿರುವ ಆಧಾರ.

ಈಗ ಆ ಒಂದು ಸಾಲಿನ ‘ಪರಿಶೀಲನೆ’ಯ ವಿಷಯ. ನಿಜವಾದ ಪರಿಶೀಲನೆ ಹೇಗಿರುತ್ತದೆ ಎಂದು ನಿಮ್ಮ ವಿಷಯದ್ದೇ ಉದಾಹರಣೆ ಕೊಡುತ್ತೇನೆ. ಒಮ್ಮೆ ಒಂದು ಲೇಖನದಲ್ಲಿ ‘ಶಕ ವರ್ಷ 1291, ಕೀಲಕ ಸಂವತ್ಸರ’ ಎಂದು ಶಾಸನದ ಪಾಠವಿತ್ತು. ಲೇಖಕರು ಅದನ್ನು ಕ್ರಿ.ಶ. 1369 ಎಂದು ಮುಂದುವರಿಸಿದ್ದರು. ಪರಿಶೀಲಕರು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದರು: ‘ಶಕ 1291 ಸೌಮ್ಯ, ಕೀಲಕ ಅದರ ಹಿಂದಿನದು. ಗತವರ್ಷವೋ (ಮುಗಿದ ವರ್ಷದ ಎಣಿಕೆ) ವರ್ತಮಾನವೋ (ನಡೆಯುತ್ತಿರುವ ವರ್ಷದ ಎಣಿಕೆ) ನೋಡಿ. ವರ್ತಮಾನವಾದರೆ ಕಾಲ 1368ಕ್ಕೆ ಸರಿಯುತ್ತದೆ. ಇಲ್ಲವಾದರೆ ಅಂಕಿ ಸವೆದಿದೆಯೇ ಎಂದು ಪಡಿಯಚ್ಚನ್ನು (ಕಲ್ಲಿನಿಂದ ಕಾಗದಕ್ಕೆ ತೆಗೆದ ಅಚ್ಚು) ಮತ್ತೊಮ್ಮೆ ಓದಿ. ತಿಥಿ, ವಾರ ಕೂಡುತ್ತವೆಯೇ?’ ಒಂದು ಸಂವತ್ಸರದ ಹೆಸರಿಗೆ ಇಷ್ಟು ಪ್ರಶ್ನೆಗಳು. ಲೇಖಕರು ಮತ್ತೆ ಊರಿಗೆ ಹೋಗಿ ಕಲ್ಲಿನ ಮುಂದೆ ಕುಳಿತರು. ಪರಿಶೀಲಕರಿಗೆ ಇದರಿಂದ ಬಿಡಿಗಾಸೂ ಸಿಗಲಿಲ್ಲ, ಹೆಸರೂ ಅಚ್ಚಾಗಲಿಲ್ಲ. ಇಂತಹ ಟಿಪ್ಪಣಿಗೆ ತಿಂಗಳುಗಳು ಹಿಡಿಯುತ್ತವೆ, ನಿಜ. ಸಂಪಾದಕ ಫೋನ್ ಮಾಡಿ ಗೋಗರೆಯಬೇಕು, ಅದೂ ನಿಜ. ಗುರುವಾರ ಮಧ್ಯಾಹ್ನದೊಳಗೆ ಅದು ಆಗುವುದಿಲ್ಲ.

ಪಾಠಪ್ರವಚನ ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಸಲಹೆ ಮಾತ್ರ ಒಪ್ಪಿಗೆಯಿಲ್ಲ. ‘ಎಲ್ಲರೂ’ ಮಾಡುವುದಕ್ಕೆ ದಾಖಲೆಯೂ ಇದೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಕಲ್ಲುಹೂವಿನಿಂದ ಕ್ಯಾನ್ಸರ್ ಔಷಧ ಎಂಬ ಸುಳ್ಳು ಪ್ರಬಂಧವನ್ನು ಎದ್ದು ಕಾಣುವ ತಪ್ಪುಗಳ ಸಮೇತ 304 ಪತ್ರಿಕೆಗಳಿಗೆ ಕಳುಹಿಸಿದ. 157 ಪತ್ರಿಕೆಗಳು ಒಪ್ಪಿಕೊಂಡವು. ಒಪ್ಪಿಕೊಂಡವುಗಳಲ್ಲಿ ನಮ್ಮ ದೇಶದಿಂದ ನಡೆಯುವವೂ ಬಹಳ ಇದ್ದವು. ಹಾಗೆಂದು ಶುಲ್ಕ ಕೇಳುವವರೆಲ್ಲ ಕಳ್ಳರಲ್ಲ, ದೊಡ್ಡ ಹೆಸರಿನವರೆಲ್ಲ ಸಾಚಾಗಳೂ ಅಲ್ಲ. ವೈಲಿಯಂತಹ ದೈತ್ಯ ಪ್ರಕಾಶನ ಸಂಸ್ಥೆ ಕೊಂಡುಕೊಂಡ ಹಿಂದಾವಿ ಪತ್ರಿಕೆಗಳು 2023ರ ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅಲ್ಲಿ ಪ್ರಕಟಿಸಿದವರಲ್ಲಿ ನಿಷ್ಪಾಪಿಗಳೂ ಇದ್ದರು. ಅವರ ಸ್ವವಿವರದಲ್ಲಿ ಆ ಪತ್ರಿಕೆಯ ಹೆಸರು ಉಳಿದೇ ಇದೆ. ಹತ್ತು ಅಂಕಕ್ಕೆಂದು ಇವತ್ತು ಕೊಂಡ ಲೇಖನವೂ ಹೀಗೆಯೇ, ಮುಂದಿನ ಸಮಿತಿಯಲ್ಲಿ ಒಬ್ಬರಾದರೂ ಓದುವವರಿದ್ದರೆ ಅದೇ ನಿಮ್ಮ ವಿರುದ್ಧದ ಸಾಕ್ಷಿ.

ಅಂಕಗಳ ಮಾತು ಬಂದದ್ದರಿಂದ ಮುಖ್ಯಸ್ಥರ ಹೆಸರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಪಾಠಪ್ರವಚನ ಅವರು ಹೇಳಿದ 2018ರ ನೇಮಕಾತಿ ನಿಯಮದಲ್ಲಿ ಇಬ್ಬರು ಲೇಖಕರಿದ್ದರೆ ತಲಾ ಶೇ 70. ನೀವು ಹತ್ತರಿಂದ ಏಳಕ್ಕೆ ಇಳಿಯುತ್ತೀರಿ, ಓದದವರು ಸೊನ್ನೆಯಿಂದ ಏಳಕ್ಕೆ ಏರುತ್ತಾರೆ. ರೂಢಿ ಎಂದು ಹೇಳಿದ ಹಿರಿಯರಿಗೆ ಈ ಲೆಕ್ಕ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ‘ಪತ್ರಿಕೆಯವರು ಪ್ರತಿ ಲೇಖಕರೂ ಯಾವ ಭಾಗದ ಕೆಲಸ ಮಾಡಿದರು ಎಂದು ಬರೆದುಕೊಡಲು ಕೇಳುತ್ತಾರೆ, ಏನು ಬರೆಯಲಿ ಸರ್?’ ಎಂದು ವಿನಯದಿಂದ ಕೇಳಿ ನೋಡಿ. ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರು ಧಾರಾಳವಾಗಿ ಇರಲಿ.

ಆತುರವೂ ಬೇಡ. ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕು ಎಂಬ ಷರತ್ತನ್ನು ಯುಜಿಸಿ 2022ರ ನವೆಂಬರ್‌ನಲ್ಲೇ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಉಳಿಸಿಕೊಂಡಿದೆಯೇ ಎಂದು ಒಮ್ಮೆ ವಿಚಾರಿಸಿ. ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಮೈಸೂರಿನ ಎಪಿಗ್ರಾಫಿಕಲ್ ಸೊಸೈಟಿಯ ವಾರ್ಷಿಕ ಸಂಪುಟ ಅಥವಾ ಬೆಂಗಳೂರಿನ ಮಿಥಿಕ್ ಸೊಸೈಟಿಯ ತ್ರೈಮಾಸಿಕವನ್ನು ನೋಡಿ. ಕಳುಹಿಸುವ ಮೊದಲು ಗ್ರಂಥಾಲಯಕ್ಕೆ ಹೋಗಿ ಒಂದು ಹಳೆಯ ಸಂಚಿಕೆಯನ್ನು ಕೈಯಲ್ಲಿ ಹಿಡಿದು, ಅಲ್ಲಿ ಅಚ್ಚಾಗಿರುವ ವಿಳಾಸಕ್ಕೇ ಬರೆಯಿರಿ.

ಕೆರೆಶಾಸನ

ಎಲ್ಲರಿಗೂ ಧನ್ಯವಾದಗಳು. ಮಿಂಚಂಚೆ ಕಳುಹಿಸಿದೆ, ಈವರೆಗೆ ಉತ್ತರವಿಲ್ಲ. ಮುಖ್ಯಸ್ಥರಿಗೆ ಆ ಪ್ರಶ್ನೆ ಕೇಳಿದೆ. ‘ನನ್ನ ಹೆಸರು ಯಾರು ಹಾಕಲು ಹೇಳಿದರು?’ ಎಂದರು! ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಈಗ ಕಳುಹಿಸಬೇಕೆಂದಿರುವ ಪತ್ರಿಕೆಯವರು ಪರಿಶೀಲಕರಾಗಬಲ್ಲ ಇಬ್ಬರ ಹೆಸರು ಮತ್ತು ಮಿಂಚಂಚೆ ವಿಳಾಸ ಸೂಚಿಸಲು ಕೇಳಿದ್ದಾರೆ. ಇದೂ ಮೋಸವೇ?

ಅರ್ಧವಾರ್ಷಿಕ

ಅಲ್ಲ, ಒಳ್ಳೆಯ ಪತ್ರಿಕೆಗಳೂ ಕೇಳುತ್ತವೆ. ವಿಷಯ ತಜ್ಞರು ಕಡಿಮೆ ಇರುವ ಕಡೆ ಸಂಪಾದಕನಿಗೆ ಅದು ಅನುಕೂಲ. ದುರುಪಯೋಗವೂ ಆಗಿದೆ. ದಕ್ಷಿಣ ಕೊರಿಯಾದ ಔಷಧೀಯ ಸಸ್ಯಗಳ ಸಂಶೋಧಕರೊಬ್ಬರು ಸೂಚಿಸಿದ ವಿಳಾಸಗಳು ತಿರುಗಿ ಅವರಿಗೇ ತಲುಪುತ್ತಿದ್ದವು, ತಮ್ಮ ಪ್ರಬಂಧವನ್ನು ತಾವೇ ಪರಿಶೀಲಿಸಿಕೊಳ್ಳುತ್ತಿದ್ದರು. ವರದಿಗಳು 24 ಗಂಟೆಯೊಳಗೆ ಬರುತ್ತಿದ್ದುದರಿಂದ ಸಂಪಾದಕರಿಗೆ ಸಂಶಯ ಬಂದು 2012ರಲ್ಲಿ ವಿಷಯ ಹೊರಬಿತ್ತು. ಅದಕ್ಕೇ ಈಗ ಸಂಪಾದಕರು ವಿಳಾಸಗಳ ಬಗ್ಗೆ ಹುಷಾರು.

ನೀವು ಕೊಡುವ ಹೆಸರುಗಳು ಮಾರ್ಗದರ್ಶಕರದ್ದಾಗಲಿ, ಅವರ ಇತರ ವಿದ್ಯಾರ್ಥಿಗಳದ್ದಾಗಲಿ, ನಿಮ್ಮ ಕಾಲೇಜಿನವರದ್ದಾಗಲಿ ಆಗಬಾರದು. ನಿಮ್ಮ ಓದಿನ ಜೊತೆ ಜಗಳವಾಡಬಲ್ಲ ಒಬ್ಬರನ್ನಾದರೂ ಸೂಚಿಸಿ. ವಿಶ್ವವಿದ್ಯಾಲಯದ ವಿಳಾಸವಿದ್ದರೆ ಅದನ್ನೇ ಕೊಡಿ, ಜಿಮೇಲ್ ಬೇಡ. ನಿವೃತ್ತರಾಗಿ ಜಿಮೇಲ್ ಮಾತ್ರ ಉಳಿದಿದ್ದರೆ ಅದನ್ನು ಪತ್ರದಲ್ಲಿ ಬರೆದು, ಅವರ ಇತ್ತೀಚಿನ ಲೇಖನದಲ್ಲಿ ಅಚ್ಚಾಗಿರುವ ವಿಳಾಸ ಅದೇ ಎಂದು ತೋರಿಸಿ. ಮತ್ತೆ, ಹೆಸರು ಕೊಟ್ಟಿದ್ದೇನೆ ಎಂದು ಅವರಿಗೆ ಫೋನ್ ಮಾಡಿ ಹೇಳಬೇಡಿ.